‘ಅನಧಿಕೃತ ಸಲಹೆಗಾರ’ ಅಂದರೆ ಯಾರು?

ಬಲ್ಲವರಿಗೆ ನಮಸ್ಕಾರ.

ಮೊದಲ ಮಹಾಯುದ್ಧದ ಕಾಲದ ಅಮೆರಿಕದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಯಾವ ಹುದ್ದೆಯೂ ಇಲ್ಲದೆ ಬಲಗೈಯಂತಿದ್ದ ಎಡ್ವರ್ಡ್ ಹೌಸ್ ಕುರಿತದ್ದು. ಆತನನ್ನು ಏನೆಂದು ಕರೆಯುವುದು ಎಂಬಲ್ಲೇ ಮೊದಲ ವಾಕ್ಯ ನಿಂತುಬಿಟ್ಟಿದೆ.

ಸುಲಭವಾಗಿ ಕೈಗೆ ಸಿಕ್ಕಿದ್ದು ‘ಅನಧಿಕೃತ ಸಲಹೆಗಾರ’. ಗಟ್ಟಿಯಾಗಿ ಓದಿಕೊಂಡೆ. ಪಕ್ಕದಲ್ಲಿದ್ದ ತಮ್ಮ, “ಯಾಕೆ, ನೋಟಿಸ್ ಅಂಟಿಸಿ ಹೋಗಿದ್ದಾರಾ?” ಅಂದ. ಅವನದೇನೂ ತಪ್ಪಿಲ್ಲ. ಅನಧಿಕೃತ ಬಡಾವಣೆ, ಅನಧಿಕೃತ ಫ್ಲೆಕ್ಸ್, ಅನಧಿಕೃತ ಗೈರುಹಾಜರಿ ಎಂದು ಕೇಳಿ ಕೇಳಿ ಆ ಪದಕ್ಕೆ ಜೆಸಿಬಿಯ ಸದ್ದು ಅಂಟಿಕೊಂಡಿದೆ. ತಮಾಷೆಯೆಂದರೆ ಸಂಸ್ಕೃತದಲ್ಲಿ ‘ಅಧಿಕೃತ’ ಅಂದರೆ ಒಂದು ಕೆಲಸಕ್ಕೆ ನೇಮಕವಾದವನು. ಆ ಲೆಕ್ಕದಲ್ಲಿ ಹೌಸ್ ಅಪ್ಪಟ ಅನಧಿಕೃತನೇ! ನಮ್ಮ ಬಳಕೆಯಲ್ಲಿ ಮಾತ್ರ ‘ನೇಮಕವಿಲ್ಲದ’ ಹೋಗಿ ‘ಅನುಮತಿಯಿಲ್ಲದ’ ಬಂದು ಕೂತಿದೆ.

ಹೌಸ್‌ಗೆ ಅನುಮತಿಯ ಕೊರತೆ ಇರಲಿಲ್ಲ. ಸಂಪುಟದಲ್ಲಿ ಜಾಗ ಕೊಡುತ್ತೇನೆಂದರೂ ಒಲ್ಲೆನೆಂದ ಮನುಷ್ಯ, 1915 ಮತ್ತು 1916ರಲ್ಲಿ ವಿಲ್ಸನ್ ಪರವಾಗಿ ಲಂಡನ್, ಪ್ಯಾರಿಸ್, ಬರ್ಲಿನ್ ಸುತ್ತಿ ಸಂಧಾನದ ಮಾತಾಡಿ ಬಂದ. (‘ಕರ್ನಲ್ ಹೌಸ್’ ಎಂಬುದರಲ್ಲಿನ ಕರ್ನಲ್ ಕೂಡ ಟೆಕ್ಸಸ್ ಗವರ್ನರ್ ಕೊಟ್ಟ ಗೌರವದ ಬಿರುದು. ಸೈನ್ಯದಲ್ಲಿ ಇದ್ದವನಲ್ಲ.)

‘ಅನೌಪಚಾರಿಕ ಸಲಹೆಗಾರ’ ಅಂದರೆ ಲುಂಗಿ ಉಟ್ಟು ಜಗಲಿಯಲ್ಲಿ ಕೂತು ಬುದ್ಧಿ ಹೇಳುವವನ ಚಿತ್ರ ಬರುತ್ತದೆ. ‘ಆಪ್ತ’ ಚೆಂದದ ಪದ, ಆದರೆ ಆಪ್ತ ಸಹಾಯಕ ಅಂದರೆ ಪಿಎ, ಆಪ್ತಸಮಾಲೋಚಕ ಅಂದರೆ ಕೌನ್ಸೆಲರ್ ಎಂದಾಗಿಬಿಟ್ಟಿದೆ. ಹಳೆಯ ಶಾಸನಗಳ ‘ಸಂಧಿವಿಗ್ರಹಿ’ (ಸಂಧಿ, ಯುದ್ಧಗಳ ವ್ಯವಹಾರ ನೋಡಿಕೊಳ್ಳುವ ಮಂತ್ರಿ) ಕೆಲಸಕ್ಕೇನೋ ಒಪ್ಪುತ್ತದೆ. ಆದರೆ ಅದು ಹುದ್ದೆ.

ಕೌಟಿಲ್ಯನಲ್ಲಿ ದೂತರು ಮೂರು ಬಗೆ: ಒಡೆಯನ ಪರವಾಗಿ ತಾನೇ ತೀರ್ಮಾನಿಸಬಲ್ಲ ನಿಸೃಷ್ಟಾರ್ಥ, ಇಷ್ಟೇ ಮಾತಾಡು ಎಂಬ ಮಿತಿಯುಳ್ಳ ಪರಿಮಿತಾರ್ಥ, ಓಲೆ ಒಯ್ಯುವ ಶಾಸನಹರ. ಮೊದಲನೆಯದು ಸಿಕ್ಕಿತೆಂದು ಹಿಗ್ಗಿದೆ. ಆಮೇಲೆ 1916ರ ಫೆಬ್ರವರಿಯಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ಜೊತೆ ಹೌಸ್ ಸಿದ್ಧಪಡಿಸಿದ ಒಪ್ಪಂದ ಪತ್ರ ನೋಡಿದೆ. ಶಾಂತಿ ಸಮ್ಮೇಳನ ಮುರಿದುಬಿದ್ದು, ತಪ್ಪು ಜರ್ಮನಿಯದಾದರೆ ಅಮೆರಿಕ ಮಿತ್ರಕೂಟದ ಪರ ಯುದ್ಧಕ್ಕೆ ಇಳಿಯುತ್ತದೆ ಎಂದಿತ್ತು. ವಿಲ್ಸನ್ ಅಲ್ಲಿ ಒಂದು ‘ಬಹುಶಃ’ ಸೇರಿಸಿದ. ನಿಸೃಷ್ಟಾರ್ಥ ಒಂದೇ ಪದಕ್ಕೆ ಪರಿಮಿತಾರ್ಥನಾದ! (ಕನ್ನಡದಲ್ಲಾದರೆ ಬೇರೆ ಪದವೂ ಬೇಕಿಲ್ಲ, ‘ಇಳಿಯುತ್ತದೆ’ ತಿದ್ದಿ ‘ಇಳಿದೀತು’ ಅಂದರಾಯಿತು. ಆದರೆ ವಿಲ್ಸನ್ ಸೇರಿಸಿದ್ದು ಕಣ್ಣಿಗೆ ಬೀಳಬೇಕೆಂದು ‘ಬಹುಶಃ’ ಉಳಿಸಿದ್ದೇನೆ.)

1919ರ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೌಸ್ ಹೋದದ್ದು ನೇಮಕಗೊಂಡ ಐವರು ಪ್ರತಿನಿಧಿಗಳಲ್ಲಿ ಒಬ್ಬನಾಗಿ. ನಡುವೆ ವಿಲ್ಸನ್ ಊರಿಗೆ ಹೋಗಿ ಬರುವಷ್ಟರಲ್ಲಿ ಈತ ಮಾತುಕತೆಯಲ್ಲಿ ಬೇರೆ ದೇಶಗಳಿಗೆ ತೀರಾ ಬಿಟ್ಟುಕೊಟ್ಟನೆಂಬ ಮುನಿಸು ಹುಟ್ಟಿತು. ಆ ವರ್ಷ ಜೂನ್‌ನಲ್ಲಿ ಬೀಳ್ಕೊಂಡ ಮೇಲೆ ಇಬ್ಬರೂ ಮತ್ತೆ ಮುಖ ನೋಡಲಿಲ್ಲ. ಅಂದರೆ ಆ ಭಾಗಕ್ಕೆ ನನ್ನ ಪದ ಯಾವುದೇ ಆದರೂ ನಡೆಯುವುದಿಲ್ಲ, ಅಲ್ಲಿ ಆತ ಅಧಿಕೃತ.

ಸದ್ಯಕ್ಕೆ ‘ಹುದ್ದೆಯಿಲ್ಲದ ಸಲಹೆಗಾರ’ ಎಂದು ಬರೆದಿಟ್ಟಿದ್ದೇನೆ. ತಮ್ಮ ಅದನ್ನೂ ಓದಿ, “ಪಾಪ, ಕೆಲಸ ಹುಡುಕ್ತಿದ್ದಾನಾ?” ಅಂದ. ಊರ ಗೌಡರ ಮಾತು ಹೊತ್ತು ಆಚೆ ಊರಿಗೆ ರಾಜಿಗೆ ಹೋಗುವವನಿಗೆ ನಿಮ್ಮ ಕಡೆ ಏನಾದರೂ ಹೆಸರಿದೆಯೇ?