ಜಿಂಕೆ ಜಾಸ್ತಿ ಆದರೆ ಬೆಟ್ಟದ ಕಾಡು ಹಾಳಾಗುತ್ತಾ?

ಸಂಡೂರು_ಗುಡ್ಡ: ಜಪಾನಿನ ಒಂದು ಬೆಟ್ಟದಲ್ಲಿ ಜಿಂಕೆಗಳು ತೊಗಟೆ ಸುಲಿದು ತಿಂದು ಕಾಡನ್ನೇ ಒಣಗಿಸಿವೆ ಅಂತ ವಿಡಿಯೋ ನೋಡಿದೆ. ಜಿಂಕೆ ತಿನ್ನೋದು ಹುಲ್ಲು ಅಲ್ವಾ? ನಮ್ಮ ಸಂಡೂರಿನ ಗುಡ್ಡದಲ್ಲೂ ಸಸಿ ಮೇಲೇಳುತ್ತಿಲ್ಲ, ಚಿಗುರು ಬಂದ ಹಾಗೇ ಮಾಯ. ಇಲ್ಲೂ ಅದೇ ಕಾರಣನಾ? ತಿಳಿದವರು ಹೇಳಿ.

ಕಾಡುಪಾಪ: ಅದು ನಾರಾ ಕಡೆಯ ಓಡೈಗಹಾರಾ ಇರಬೇಕು ಸರ್. ಅಲ್ಲಿ ಶುರುವಾಗಿದ್ದು ಜಿಂಕೆಯಿಂದ ಅಲ್ಲ. 1959ರ ಚಂಡಮಾರುತಕ್ಕೆ ಸ್ಪ್ರೂಸ್ ಮರಗಳು ಉರುಳಿದವು, ನೆಲಕ್ಕೆ ಬಿಸಿಲು ಬಿತ್ತು, ಪಾಚಿ ಒಣಗಿತು, ಆ ಜಾಗದಲ್ಲೆಲ್ಲ ಕುಳ್ಳ ಬಿದಿರು ಹಬ್ಬಿತು. ಸೀಕಾ ಜಿಂಕೆಗೆ ವರ್ಷವಿಡೀ ಅದೇ ಮೇವು. ಹಿಂಡು ಬೆಳೆಯಿತು, ಹಿಡಿಯೋಕೆ ತೋಳ ಇಲ್ಲ. ಜಪಾನಿನಲ್ಲಿ ಅದು 1905ರ ಹೊತ್ತಿಗೇ ಮುಗಿದಿತ್ತು. ಆಮೇಲೆ ತೊಗಟೆಗೂ ಬಾಯಿ ಹಾಕಿದವು. ಸುತ್ತಲೂ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯಲ್ಲ, ಮರ ನಿಂತಲ್ಲೇ ಸಾಯುತ್ತೆ.

ಹುಲ್ಲು ಮಾತ್ರ ಅನ್ನೋದು ಸರಿಯಲ್ಲ. ನಮ್ಮ ಚುಕ್ಕೆ ಜಿಂಕೆ ಮಳೆಗಾಲದಲ್ಲಿ ಎಳೆ ಹುಲ್ಲು ಮೇಯುತ್ತೆ, ಬೇಸಿಗೆಯಲ್ಲಿ ಎಲೆ, ಉದುರಿದ ಹೂ, ಕಾಯಿ. ಕಡವೆಯಂತೂ ಸೊಪ್ಪು, ತೊಗಟೆ ಎಲ್ಲಾ ತಿನ್ನುತ್ತೆ.

ಆಡು_ಕುರಿ_ಅಣ್ಣ: ಸಂಡೂರಿನ ಗುಡ್ಡದಲ್ಲಿ ಜಿಂಕೆ ಎಷ್ಟಿವೆ ಹೇಳಿ ನೋಡೋಣ! ಮೊದಲು ಗಣಿ ನೆನೆಸಿಕೊಳ್ಳಿ, ಆಮೇಲೆ ನಮ್ಮ ಆಡು. ನಾನೇ ಆಡು ಸಾಕೋನು, ಒಪ್ಪಿಕೊಂಡೇ ಹೇಳ್ತೀನಿ. ಚಿಗುರಿನ ತುದಿ ನೋಡಿ. ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗಿದ್ದರೆ ಮೊಲ. ಹರಿದ ಹಾಗಿದ್ದರೆ ಜಿಂಕೆನೋ ಆಡೋ ಹೇಳೋದು ಕಷ್ಟ, ಎರಡಕ್ಕೂ ಮೇಲ್ದವಡೆಯ ಮುಂದೆ ಹಲ್ಲಿಲ್ಲ.

ಯಲಬುರ್ಗಾ_ಹೊಲ: ನಮ್ಮ ಕಡೆ ಗುಡ್ಡಕ್ಕಿಂತ ಹೊಲದ ಚಿಂತೆ. ಚಿಗರಿ ಹಿಂಡು ಕಡಲೆಗೆ ಇಳಿದರೆ ರಾತ್ರಿ ನಿದ್ದೆ ಇಲ್ಲ. ಅವು ಬಳ್ಳಾರಿ ಜಾಲಿ ಕಾಯಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಹಾಕ್ತವೆ, ಅದರ ಎಲೆ ಮಾತ್ರ ಮುಟ್ಟಲ್ಲ. ಹಾಗಾಗಿ ಜಾಲಿ ಹಬ್ಬುತ್ತಲೇ ಇದೆ. ನಮ್ಮ ಕುರಿಗಳದ್ದೂ ಅದೇ ಕೆಲಸ ಬಿಡಿ.

ಕಾಡುಪಾಪ: ಚಿಗರಿ ಅಂದರೆ ಕೃಷ್ಣಮೃಗ, ಜಿಂಕೆ ಜಾತಿ ಅಲ್ಲ ಅಣ್ಣ, ಕೊಂಬು ಉದುರಲ್ಲ. ಆದರೆ ಬೀಜದ ಮಾತು ನಿಜ. ಜಿಂಕೆಯಿಂದ ಕಾಡಿಗೆ ಲಾಭವೂ ಇದೆ. ನೆಲ್ಲಿಕಾಯಿ ನುಂಗಿ, ಎಲ್ಲೋ ನೆರಳಲ್ಲಿ ಮೆಲುಕು ಹಾಕುವಾಗ ಬೀಜ ಉಗುಳುತ್ತೆ. ಸಂಡೂರಿನವರೇ, ಸುಮ್ನೆ ಅಂದಾಜು ಬೇಡ. ಒಂದು ತುಂಡು ಜಾಗಕ್ಕೆ ಅರಣ್ಯದವರನ್ನು ಕೇಳಿಯೇ ಎತ್ತರದ ಬೇಲಿ ಹಾಕಿಸಿ, ಪಕ್ಕದ್ದನ್ನು ಹಾಗೇ ಬಿಡಿ. ಒಂದೆರಡು ಮಳೆಗಾಲ ಕಳೆದರೆ ವ್ಯತ್ಯಾಸ ಕಾಣುತ್ತೆ.

ಸಂಡೂರು_ಗುಡ್ಡ: ಬೇಲಿ ಹಾಕಿಸಬಹುದು, ಆದರೆ ಬೇಸಿಗೆಯಲ್ಲಿ ಮೇವಿಲ್ಲದಾಗ ಆಡು ಕಾಯೋರು ಅದನ್ನು ಬಿಡ್ತಾರಾ? ಅಣ್ಣ, ನೀವೇ ಹೇಳಿ.