ವ್ಯಾಕ್ಯೂಮ್ ಟೇಬಲ್ ನಕ್ಷೆ: ತಪ್ಪು ಪಂಪಿನದೋ, ಹಲಗೆಯದೋ?

(ರಘು ಒಂದು ಪಿಡಿಎಫ್ ಹಂಚಿದ್ದಾನೆ: ವ್ಯಾಕ್ಯೂಮ್ ಟೇಬಲ್, 600 × 400 ಮಿ.ಮೀ.)

ರಘು: ಮನೇಲಿ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಕೊರೆಯೋ ಮೆಷಿನ್) ಇಟ್ಟಿರೋರೆಲ್ಲ ನೋಡಿ. ಕೆಳಗೆ ಗ್ರೂವ್ ಕೊರೆದ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಅದರ ಮೇಲೆ ಸೋಸು ಹಲಗೆ, ಅಂದ್ರೆ ಒಳಗಿಂದ ಗಾಳಿ ಹಾಯೋ 12 ಮಿ.ಮೀ. ಎಂಡಿಎಫ್, ಎಸಿ ರಿಪೇರಿಯವರ 3 ಸಿಎಫ್‌ಎಂ ಪಂಪ್. ಕೆಳಗಿಂದ ಗಾಳಿ ಎಳೆದೇ ತುಂಡನ್ನ ಹಿಡಿಯುತ್ತೆ, ಕ್ಲಾಂಪ್ ಕಾಟ ಮುಗೀತು.

ಶಶಿಕಲಾ: ನಕ್ಷೆ ನೀಟಾಗಿದೆ ಕಣೋ, ಜೋಡಿ ಮಾತ್ರ ಕೂಡಲ್ಲ. ಎಂಡಿಎಫ್ ಮೂಲಕ ಎಳೀಬೇಕಾದ್ರೆ ಗಾಳಿ ಧಾರಾಳವಾಗಿ ಹರೀಬೇಕು. 3 ಸಿಎಫ್‌ಎಂ ಅಂದ್ರೆ ನಿಮಿಷಕ್ಕೆ 85 ಲೀಟರ್. ಆ ಹಲಗೆ ಸೋರೋದಕ್ಕೆ ಅದು ಯಾವ ಮೂಲೆಗೂ ಸಾಲಲ್ಲ.

ರಘು: ಆದ್ರೆ ಅದು ಹೆಚ್ಚೂಕಡಿಮೆ ಪೂರ್ತಿ ನಿರ್ವಾತ ಮಾಡುತ್ತಲ್ಲ! ವ್ಯಾಕ್ಯೂಮ್ ಕ್ಲೀನರ್ ಎಷ್ಟು ಒದ್ದಾಡಿದ್ರೂ 20-25 ಕಿಲೋಪ್ಯಾಸ್ಕಲ್.

ಶಶಿಕಲಾ: ಬಾಯಿ ಮುಚ್ಚಿದಾಗ ಮಾಡುತ್ತೆ. ಸೋರ್ತಾ ಇದ್ರೆ ಗೇಜ್ ಮೇಲೇಳೋದೇ ಇಲ್ಲ. ಜೊತೆಗೆ ಸದಾ ಗಾಳಿ ಎಳೀತಾ ಇದ್ರೆ ಆ ಪಂಪಿನ ಎಣ್ಣೆ ಮಂಜಾಗಿ ಎಕ್ಸಾಸ್ಟಿಂದ ಹೊರಗೆ ಬರುತ್ತೆ, ಮಟ್ಟ ಇಳಿಯುತ್ತೆ, ಬಿಸಿಯಾಗುತ್ತೆ. ಅದು ಮುಚ್ಚಿದ ಪೈಪನ್ನ ಖಾಲಿ ಮಾಡೋಕೆ ಹುಟ್ಟಿದ್ದು.

ನಾಗರಾಜಣ್ಣ: ಲೆಕ್ಕ ನೋಡ್ರಪ್ಪ. ನಿರ್ವಾತ ಎಷ್ಟೇ ಗಾಢ ಆದ್ರೂ ಸಮುದ್ರಮಟ್ಟದಲ್ಲೇ ಚದರ ಸೆಂ.ಮೀ.ಗೆ 1 ಕೆಜಿ ಚಿಲ್ಲರೆ ಸಿಗೋದು, ಎತ್ತರದ ಊರಲ್ಲಿ ಇನ್ನೂ ಕಮ್ಮಿ. ಗೇಜ್ 80 ಕಿಲೋಪ್ಯಾಸ್ಕಲ್ ತೋರಿಸಿದ್ರೆ 0.8 ಕೆಜಿ. 10 × 10 ಸೆಂ.ಮೀ. ತುಂಡಿಗೆ 80 ಕೆಜಿ ಒತ್ತಡ. ಕ್ಲೀನರ್ ಆದ್ರೆ 20 ಕೆಜಿ.

ರಘು: ಅಣ್ಣಾ, ನಾನು ಹೇಳಿದ್ದೂ ಅದೇ. 80 ಕೆಜಿ ಕಮ್ಮಿನಾ?

ನಾಗರಾಜಣ್ಣ: ಅದು ಕೆಳಮುಖ. ಕತ್ತರಿಸೋ ಬಿಟ್ ತಳ್ಳೋದು ಪಕ್ಕಕ್ಕೆ. ಪಕ್ಕಕ್ಕೆ ತಡೆಯೋದು ಘರ್ಷಣೆ ಮಾತ್ರ, ಗುಣಾಂಕ 0.25 ಅಂತ ಹಿಡಿದ್ರೆ 80 ಹೋಗಿ 20. ಅಲ್ಯೂಮಿನಿಯಂ ಮೇಲೆ ಎಣ್ಣೆ ಪಸೆ ಇದ್ರೆ ಅದೂ ಇಲ್ಲ. 3 × 4 ಸೆಂ.ಮೀ. ತುಂಡಿಗೆ ಎರಡೂವರೆ ಕೆಜಿನೂ ದಾಟಲ್ಲ.

ಇಕ್ಬಾಲ್: ಅದಕ್ಕೇ ಎರಡು ಬದಿಗೆ ಗಿಡ್ಡ ಸ್ಟಾಪ್ ಪಿನ್ ಹಾಕಬೇಕು. ವ್ಯಾಕ್ಯೂಮ್ ಕೆಳಗೆ ಹಿಡಿಯಲಿ, ಪಿನ್ ಪಕ್ಕಕ್ಕೆ ತಡೀಲಿ. ಅಪ್‌ಕಟ್ ಬಿಟ್ ಬೇರೆ ತುಂಡನ್ನ ಮೇಲಕ್ಕೆ ಎಳೆಯುತ್ತೆ, ತೆಳು ಹಾಳೆಗೆ ಕೆಳಕ್ಕೆ ಒತ್ತೋ ಡೌನ್‌ಕಟ್ ವಾಸಿ.

ರಘು: ಸರಿ, ಪಂಪ್ ಈಗಾಗಲೇ ಇದೆ. ಎಸೀಲಾ?

ಶಶಿಕಲಾ: ಪಂಪ್ ಇಟ್ಕೋ, ಮೇಲಿನ ಹಲಗೆ ಬಿಡು. ಕೆಳಗಿನ 18 ಮಿ.ಮೀ. ಹಲಗೆಯನ್ನೇ ಗ್ಯಾಸ್ಕೆಟ್ ಟೇಬಲ್ ಮಾಡು. ಮೆಷಿನ್‌ಗೆ ಬಿಗಿದು ಅದರಲ್ಲೇ ಫೇಸ್ ಮಾಡು, ಅಂದ್ರೆ ಮೇಲ್ಮೈ ಹೆರೆದು ಸಪಾಟು ಮಾಡು. 25 ಮಿ.ಮೀ. ಅಂತರಕ್ಕೆ ಅಡ್ಡ-ಉದ್ದ ಗ್ರೂವ್, 4.2 ಅಗಲ, 3 ಆಳ. ತೆಳು ಎಪಾಕ್ಸಿ ಎರಡು ಕೋಟು, ಗ್ರೂವಿನ ತಳ, ಗೋಡೆ, ಹಲಗೆಯ ಅಂಚು, ಅಡಿ ಯಾವುದನ್ನೂ ಬಿಡಬೇಡ. 4 ಅಂತ ಕೊರೆದ್ರೆ ಎಪಾಕ್ಸಿ ಕೂತು ಕಿರಿದಾಗುತ್ತೆ, ಅದಕ್ಕೇ 4.2. ಆಮೇಲೆ 4 ಮಿ.ಮೀ. ಕ್ಲೋಸ್ಡ್ ಸೆಲ್ (ಗಾಳಿ ಹಾಯದ) ಸ್ಪಾಂಜ್ ಕಾರ್ಡ್, ತುಂಡಿನ ಅಂಚಿಗಿಂತ ಒಂದು ಗ್ರೂವ್ ಒಳಗೆ ಸುತ್ತು ಹಾಕು. ತುದಿಗಳನ್ನ ಓರೆಯಾಗಿ ಕತ್ತರಿಸಿ ಕೂಡಿಸು. ಸೋರಿಕೆ ಇದ್ರೆ ಬಹುಪಾಲು ಆ ಸಂದಿಯಲ್ಲೇ.

ರಘು: ಓ ರಿಂಗ್ ರಬ್ಬರ್ ಇದೆ, ಅದನ್ನೇ ಹಾಕಿದ್ರೆ?

ಶಶಿಕಲಾ: ಬೇಡ. ಗಟ್ಟಿ ರಬ್ಬರ್ ಚಪ್ಪಟೆಯಾಗಲ್ಲ, ತುಂಡು ಹಲಗೆ ಮುಟ್ಟದೆ ರಬ್ಬರ್ ಮೇಲೇ ತೇಲುತ್ತೆ. ಕಟ್ ಆಳ ಕೆಡುತ್ತೆ, ನಡುಗುತ್ತೆ, ಘರ್ಷಣೆನೂ ಹೋಗುತ್ತೆ.

ಇಕ್ಬಾಲ್: ಪಂಪಿಗೆ ಮುಂಚೆ ಫಿಲ್ಟರ್ ಮರೀಬೇಡ. ಎಂಡಿಎಫ್ ಪುಡಿ ಎಣ್ಣೆಗೆ ಸೇರಿದ್ರೆ ಪಂಪೊಳಗೆ ತಿರುಗೋ ವೇನ್ ಸವೆಯುತ್ತೆ. ಪೈಪ್ ಒಳಗೆ ಸುರುಳಿ ತಂತಿ ಇರೋದೇ ಬೇಕು, ಮೆತ್ತನೆಯದು ಅಪ್ಪಚ್ಚಿಯಾಗುತ್ತೆ.

ಮಂಜುಳಾ: ಆರ್ ಪಾರ್ ಕಟ್ ಮಾಡುವಾಗ? ಬಿಟ್ ತಳ ದಾಟಿದ ಕ್ಷಣ ವ್ಯಾಕ್ಯೂಮ್ ಹೋಯ್ತಲ್ಲ. ನಾನು ರಘು ಪಕ್ಷ, ಸೋಸು ಹಲಗೆಯೇ ಮೇಲು.

ರಘು: ಅಬ್ಬಾ, ಒಬ್ಬರಾದ್ರೂ ಸಿಕ್ಕಿದ್ರು 🙏

ಶಶಿಕಲಾ: ಸೋಸು ಹಲಗೆ ಕೆಟ್ಟದು ಅಂತ ಯಾರಂದ್ರು? ದೊಡ್ಡ ಶೀಟಿಂದ ಹತ್ತಾರು ತುಂಡು ಕತ್ತರಿಸೋಕೆ ಅದೇ ಸರಿ. ಆದ್ರೆ ಎರಡೂ ಮುಖ ಅರ್ಧ ಮಿ.ಮೀ. ಹೆರೀಬೇಕು, ಆ ಗಟ್ಟಿ ಪದರ ಗಾಳಿ ಬಿಡಲ್ಲ. ಅಂಚಿಗೆ ಪೇಂಟ್, ಖಾಲಿ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ. ಎಳೆಯೋಕೆ ಬೈಪಾಸ್ ಮೋಟಾರ್ (ಬೇರೆ ಗಾಳಿಯಿಂದ ತಣಿಯೋದು) ಇರೋ ಕ್ಲೀನರ್. ಮಾಮೂಲಿ ಮನೆ ಕ್ಲೀನರಲ್ಲಿ ಎಳೆದ ಗಾಳಿಯೇ ಮೋಟಾರನ್ನ ತಣಿಸೋದು, ಬಾಯಿ ಮುಚ್ಚಿದ್ರೆ ಸುಟ್ಟುಹೋಗುತ್ತೆ.

ನಾಗರಾಜಣ್ಣ: ಗ್ಯಾಸ್ಕೆಟ್ ಟೇಬಲ್‌ನಲ್ಲಿ ತಳದಲ್ಲಿ 0.2 ಮಿ.ಮೀ. ಸಿಪ್ಪೆ ಉಳಿಸಿ, ಆಮೇಲೆ ಚಾಕುವಿಂದ ಬಿಡಿಸಿ. ಮಂಜುಳಾ, ಆರ್ ಪಾರ್ ಕಟ್ ಮಾಡೋ ಸಣ್ಣ ತುಂಡುಗಳಿಗೆ ಎರಡೂ ಬೇಡಮ್ಮ. ಟೇಬಲ್ಲಿಗೊಂದು, ತುಂಡಿಗೊಂದು ಮಾಸ್ಕಿಂಗ್ ಟೇಪ್, ನಡುವೆ ಸೂಪರ್ ಗ್ಲೂ. ಅಷ್ಟಕ್ಕೆ ಪಂಪ್ ಯಾಕೆ ಓಡಿಸ್ತೀರ?

ರಘು: ಹಾಗಾದ್ರೆ ನನ್ನ ಟೇಬಲ್ ಯಾತಕ್ಕೆ?

ಇಕ್ಬಾಲ್: ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್) ಹಾಳೆ, ಅಕ್ರಿಲಿಕ್, ತೆಳು ಅಲ್ಯೂಮಿನಿಯಂ. ಕ್ಲಾಂಪ್ ಹಾಕಿದ್ರೆ ನಡುವೆ ಉಬ್ಬೋದೆಲ್ಲ.

ಶಶಿಕಲಾ: ಮೊದಲು ಸಪಾಟಾದ ಅಕ್ರಿಲಿಕ್ ಇಟ್ಟು ಪಂಪ್ ಓಡಿಸು, ಬಾಲ್ ವಾಲ್ವ್ ಮುಚ್ಚು, ಗೇಜ್ ನೋಡು. ಗೇಜ್ ಇರೋದು ವಾಲ್ವಿನ ಟೇಬಲ್ ಕಡೆಗೆ. ಮುಳ್ಳು ಬೇಗ ಇಳಿದ್ರೆ ಎಪಾಕ್ಸಿ ಅಥವಾ ಕಾರ್ಡ್ ಸಂದಿ ನೋಡು.

ಮಂಜುಳಾ: ಕಟ್ ನಡುವೆ ಕರೆಂಟ್ ಹೋದ್ರೆ?

ಇಕ್ಬಾಲ್: ಕರೆಂಟ್ ಹೋದ್ರೆ ಬಿಟ್ ತಿರುಗಿಸೋ ಸ್ಪಿಂಡಲ್ ಕೂಡ ನಿಲ್ಲುತ್ತೆ, ಆದ್ರೆ ತಕ್ಷಣ ಅಲ್ಲ. ಅಷ್ಟು ಹೊತ್ತು ಹಿಡಿಯೋಕೆ ಚೆಕ್ ವಾಲ್ವ್ (ಗಾಳಿ ವಾಪಸ್ ಬರದಂತೆ ತಡೆಯೋದು), ಅದರಾಚೆ ಟೇಬಲ್ ಕಡೆ ಒಂದು ಹಳೇ ಕಂಪ್ರೆಸರ್ ಟ್ಯಾಂಕ್. ಪ್ಲಾಸ್ಟಿಕ್ ಕ್ಯಾನ್ ಇಟ್ರೆ ಒಳಕ್ಕೆ ಕುಸಿಯುತ್ತೆ. ಪಂಪ್ ಒಂದೇ ನಿಂತ್ರೆ ಅಪಾಯ ಹೆಚ್ಚು. ಅದಕ್ಕೆ ವ್ಯಾಕ್ಯೂಮ್ ಸ್ವಿಚ್ ಹಾಕಿ ಕಂಟ್ರೋಲರ್‌ನ ಫೀಡ್ ಹೋಲ್ಡ್‌ಗೆ (ಆಕ್ಸಿಸ್ ಚಲನೆ ನಿಲ್ಲಿಸೋದಕ್ಕೆ) ಕೊಡಬೇಕು. ಸ್ಪಿಂಡಲ್ ಪವರ್‌ಗೆ ಕೊಡಬೇಡಿ, ನಿಂತ ಬಿಟ್ಟನ್ನ ಆಕ್ಸಿಸ್ ತಳ್ಕೊಂಡು ಹೋಗಿ ಮುರಿಯುತ್ತೆ.

ರಘು: ಹಳೇ ಪಿಡಿಎಫ್ ಅಳಿಸ್ತಿದ್ದೀನಿ. 4.2 ಅಗಲ ಹಾಕಿ ಹೊಸದು ಕಳಿಸ್ತೀನಿ. ಸೋಸು ಹಲಗೆ ಪುಟ ಮಾತ್ರ ತೆಗೆಯಲ್ಲ, ಪಂಪ್ ಜಾಗದಲ್ಲಿ ಬೈಪಾಸ್ ಮೋಟಾರ್ ಬರೀತೀನಿ 😏