8 + 5 ಮಾಡಲು ಮಗು ಪ್ರತಿಸಲವೂ ಒಂದರಿಂದಲೇ ಎಣಿಸುತ್ತದೆ: ಯಾವ ಚಟುವಟಿಕೆ ಮಾಡಿಸಬೇಕು?

ಪ್ರಶ್ನೆ: ಒಂದನೇ ತರಗತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಆರೇಳು ವರ್ಷದ ಮಕ್ಕಳಿಗೆ ಒಂದಂಕಿಯ ಸಂಕಲನ ಕಲಿಸುತ್ತಿದ್ದೇನೆ. ಮಣಿ, ಗುಂಡಿ, ಕಡ್ಡಿಗಳನ್ನು ಧಾರಾಳವಾಗಿ ಕೈಗೆ ಕೊಟ್ಟಿದ್ದೇನೆ. ಮಕ್ಕಳು ಖುಷಿಯಿಂದ ಲೆಕ್ಕ ಮಾಡುತ್ತಾರೆ, ಉತ್ತರವೂ ಬಹುಪಾಲು ಸರಿಯಾಗಿಯೇ ಇರುತ್ತದೆ. ಆದರೆ 8 + 5 ಎಂದು ಬರೆದರೆ ಎಂಟು ಮಣಿ ಎಣಿಸಿಟ್ಟು, ಐದು ಮಣಿ ಎಣಿಸಿಟ್ಟು, ಎರಡು ಗುಂಪನ್ನೂ ಬೆರೆಸಿ ಮತ್ತೆ ಒಂದರಿಂದ ಹದಿಮೂರರವರೆಗೆ ಎಣಿಸುತ್ತಾರೆ. ಈಗಷ್ಟೇ 8 + 4 ಮಾಡಿ ಮುಗಿಸಿದ ಮಗುವೂ ಅದರ ಉತ್ತರಕ್ಕೆ ಒಂದು ಸೇರಿಸಿದರೆ ಸಾಕೆಂಬುದನ್ನು ಗಮನಿಸುವುದಿಲ್ಲ.

ಮಣಿಗಳನ್ನು ಎತ್ತಿಟ್ಟು ಬಾಯಿಪಾಠ ಮಾಡಿಸಿಬಿಡಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಹಾಗೆಂದು ಹೀಗೆಯೇ ಮುಂದುವರಿಯುವುದೂ ಸರಿಯೆನಿಸುತ್ತಿಲ್ಲ. ಕೈಯಿಂದ ಮಾಡುವ ಚಟುವಟಿಕೆಗಳ ಮೂಲಕವೇ ಎಣಿಕೆಯಿಂದ ಯೋಚನೆಯ ಕಡೆಗೆ ಮಕ್ಕಳನ್ನು ಕರೆದೊಯ್ಯುವ ಬಗೆ ಯಾವುದು, ಯಾವುದನ್ನು ಮೊದಲು ಕಲಿಸಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಗಣಿತ ಸಂಪನ್ಮೂಲ ವ್ಯಕ್ತಿ

ಮೇಡಂ, ಮಗು ಎಲ್ಲವನ್ನೂ ಎಣಿಸುವುದಕ್ಕೆ ಒಂದು ಕಾರಣ ನಾವು ಕೊಟ್ಟ ಸಾಮಗ್ರಿಯಲ್ಲೇ ಇದೆ. ಕಣ್ಣೆದುರಿಗೆ ಹದಿಮೂರು ಬಿಡಿ ಮಣಿಗಳು ಬಿದ್ದಿರುವಾಗ ಎಣಿಸುವುದಕ್ಕಿಂತ ಸಹಜವಾದ ಕೆಲಸ ಬೇರೊಂದಿಲ್ಲ. ಆದ್ದರಿಂದ ಮಣಿಗಳನ್ನು ಎತ್ತಿಡಬೇಡಿ. ಅವುಗಳಲ್ಲಿ ಒಂದು ಗುಂಪನ್ನು ಮುಚ್ಚಿಡಿ.

ಒಂದು ಲೋಟಕ್ಕೆ ಎಂಟು ಮಣಿಗಳನ್ನು ಮಕ್ಕಳೆದುರೇ ಎಣಿಸಿ ಹಾಕಿ, ಲೋಟದ ಮೇಲೆ 8 ಎಂದು ಬರೆದ ಚೀಟಿ ಅಂಟಿಸಿ. ಇನ್ನೂ ಐದು ಮಣಿಗಳನ್ನು ಹೊರಗಿಟ್ಟು, ಒಂದೊಂದನ್ನೇ ಲೋಟದೊಳಗೆ ಬಿಡುತ್ತ ಹೋಗುವಂತೆ ಮಗುವಿಗೆ ಹೇಳಿ. ಒಳಗಿನದು ಕಾಣಿಸದೆ ಇರುವುದರಿಂದ ಎಂಟನ್ನು ಎಂಟೆಂದೇ ನಂಬಿ ಮುಂದಕ್ಕೆ ಎಣಿಸಬೇಕಾಗುತ್ತದೆ. ಇಲ್ಲಿ ಬಹಳ ಮಕ್ಕಳು ಎಡವುವ ಜಾಗವೊಂದಿದೆ: ಮೊದಲ ಮಣಿಯನ್ನು ಬಿಡುವಾಗಲೇ ‘ಎಂಟು’ ಎಂದು ಶುರುಮಾಡಿ ಹನ್ನೆರಡಕ್ಕೆ ನಿಲ್ಲುತ್ತಾರೆ. ಆಗ ತಪ್ಪೆಂದು ಹೇಳುವ ಬದಲು, ಮಗು ಲೋಟವನ್ನು ಅಂಗೈಯಿಂದ ತಟ್ಟಿ ‘ಎಂಟು’ ಎನ್ನಲಿ, ಮಣಿ ‘ಟಣ್’ ಎಂದು ಬಿದ್ದಾಗ ‘ಒಂಬತ್ತು’ ಎನ್ನಲಿ. ತಟ್ಟಿದ್ದಕ್ಕೆ ಒಂದು ಮಾತು, ಬಿದ್ದದ್ದಕ್ಕೆ ಇನ್ನೊಂದು ಮಾತು ಎಂದು ಬೇರೆಯಾದ ಮೇಲೆ ಈ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

ಇದು ಬಂದ ಮೇಲೆ 2 + 9ರಂತಹ ಲೆಕ್ಕ ಕೊಟ್ಟು, ಲೋಟದೊಳಗೆ ಯಾವ ಗುಂಪನ್ನು ಹಾಕಿದರೆ ಕೆಲಸ ಹಗುರವಾಗುತ್ತದೆ ಎಂದು ಕೇಳಿ. ದೊಡ್ಡ ಸಂಖ್ಯೆಯಿಂದ ಆರಂಭಿಸುವುದು ಮಕ್ಕಳಿಗೆ ಸಹಜವಾಗಿಯೇ ಬರುವ ಉಪಾಯ. 1972ರಲ್ಲಿ ಗ್ರೋನ್ ಮತ್ತು ಪಾರ್ಕ್‌ಮನ್ ಎಂಬ ಸಂಶೋಧಕರು ಒಂದನೇ ತರಗತಿಯ ಮಕ್ಕಳು ಉತ್ತರ ಹೇಳಲು ತೆಗೆದುಕೊಂಡ ಸಮಯವನ್ನು ಅಳೆದಾಗ, ಆ ಸಮಯವು ಎರಡರಲ್ಲಿ ಚಿಕ್ಕ ಸಂಖ್ಯೆ ಎಷ್ಟು ದೊಡ್ಡದೋ ಅದಕ್ಕೆ ತಕ್ಕಂತೆ ಏರುತ್ತಿತ್ತು. 3 + 3, 4 + 4ರಂತಹ ಜೋಡಿಗಳು ಮಾತ್ರ ಈ ನಿಯಮಕ್ಕೆ ಒಳಪಡದೆ, ಸಂಖ್ಯೆ ದೊಡ್ಡದಾದರೂ ಬೇಗನೆ ಬರುತ್ತಿದ್ದವು. ಜೋಡಿಗಳನ್ನು ಮೊದಲೇ ಕಲಿಸುವುದಕ್ಕೆ ಇದೊಂದು ಒಳ್ಳೆಯ ಆಧಾರ.

ಉತ್ತರ 2: ಪ್ರಾಥಮಿಕ ಶಾಲೆಯ ಶಿಕ್ಷಕ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮುಂದಕ್ಕೆ ಎಣಿಸುವುದರಲ್ಲೇ ನಿಲ್ಲಬಾರದು. ಚಿಕ್ಕ ಸಂಖ್ಯೆ 1, 2 ಅಥವಾ 3 ಇದ್ದಾಗ ಅದು ಚೆನ್ನಾಗಿ ನಡೆಯುತ್ತದೆ. 8 + 7ರಲ್ಲಿ ಏಳು ಹೆಜ್ಜೆ ಎಣಿಸುವಷ್ಟರಲ್ಲಿ ಎಷ್ಟು ಎಣಿಸಿದೆ ಎಂಬುದೇ ಮಗುವಿಗೆ ಮರೆತುಹೋಗುತ್ತದೆ. ನಿಮ್ಮ 8 + 5ಕ್ಕೆ ಸರಿಯಾದ ಸಾಧನ ಹತ್ತರ ಚೌಕಟ್ಟು.

ರಟ್ಟಿನ ಮೇಲೆ ಐದೈದು ಮನೆಗಳ ಎರಡು ಸಾಲು ಗೀಚಿದರೆ ಚೌಕಟ್ಟು ಸಿದ್ಧ. ಬಿಲ್ಲೆಗಳನ್ನು ಮೇಲಿನ ಸಾಲಿನ ಎಡದಿಂದಲೇ ತುಂಬಬೇಕೆಂಬ ನಿಯಮ ಇಟ್ಟುಕೊಳ್ಳಿ, ಏಕೆಂದರೆ ಆಗ ಮಾತ್ರ ಎಂಟಕ್ಕೆ ಒಂದು ಖಾಯಂ ಆಕಾರ ಬರುತ್ತದೆ: ಮೇಲೆ ಐದು, ಕೆಳಗೆ ಮೂರು, ಖಾಲಿ ಮನೆ ಎರಡು. ಎಣಿಸದೆ ಒಂದೇ ನೋಟಕ್ಕೆ ಗುರುತಿಸಬಲ್ಲ ವಸ್ತುಗಳ ಸಂಖ್ಯೆ ಸಾಮಾನ್ಯವಾಗಿ ಮೂರೋ ನಾಲ್ಕೋ ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಕಣ್ಣು ಹಿಡಿಯಬೇಕಾದರೆ ಅದು ಐದರ ಗುಂಪಾಗಿ ಜೋಡಣೆಗೊಂಡಿರಬೇಕು. ಬಿಡಿ ಮಣಿಗಳ ರಾಶಿಯಿಂದ ಇದು ಎಂದಿಗೂ ಸಿಗುವುದಿಲ್ಲ.

ಈಗ ಎರಡು ಚೌಕಟ್ಟುಗಳನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ಎಂಟು ಕೆಂಪು ಬಿಲ್ಲೆ, ಇನ್ನೊಂದರಲ್ಲಿ ಐದು ನೀಲಿ ಬಿಲ್ಲೆ ಹಾಕಿಸಿ. ‘ಉತ್ತರ ಎಷ್ಟು’ ಎಂದು ಕೇಳಬೇಡಿ. ‘ಒಂದು ಚೌಕಟ್ಟನ್ನು ಭರ್ತಿ ಮಾಡು’ ಎಂದಷ್ಟೇ ಹೇಳಿ. ಮಗು ಎರಡು ನೀಲಿ ಬಿಲ್ಲೆಗಳನ್ನು ಎತ್ತಿ ಖಾಲಿ ಮನೆಗಳಲ್ಲಿ ಇಡುತ್ತದೆ. ಅಲ್ಲಿ ಹತ್ತು, ಇಲ್ಲಿ ಮೂರು, ಒಟ್ಟು ಹದಿಮೂರು. ಮಾಡಿದ್ದನ್ನು ಬಾಯಲ್ಲಿ ಹೇಳಿಸುವುದು ಚಟುವಟಿಕೆಯಷ್ಟೇ ಮುಖ್ಯ: ‘ಐದರಲ್ಲಿ ಎರಡನ್ನು ಎಂಟಕ್ಕೆ ಕೊಟ್ಟೆ, ಹತ್ತಾಯಿತು, ಮೂರು ಉಳಿಯಿತು.’ ಸ್ವಲ್ಪ ರೂಢಿಯಾದ ಮೇಲೆ ಬಿಲ್ಲೆಗಳನ್ನು ಸರಿಸದೆ, ಬರೀ ನೋಡಿಯೇ ಏನು ಮಾಡುತ್ತೀಯೆಂದು ಕೇಳಿ. ಆಮೇಲೆ ಖಾಲಿ ಚೌಕಟ್ಟು, ಕೊನೆಗೆ ಅದೂ ಇಲ್ಲದೆ ಕಣ್ಣು ಮುಚ್ಚಿ. ವಸ್ತುವಿನಿಂದ ಚಿತ್ರಕ್ಕೆ, ಚಿತ್ರದಿಂದ ಸಂಕೇತಕ್ಕೆ ಎಂಬ ಕ್ರಮವನ್ನು 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಪ್ರತಿಪಾದಿಸಿದ್ದರು. ಆದರೆ ತರಗತಿಗಳಲ್ಲಿ ನಡುವಿನ ಮೆಟ್ಟಿಲನ್ನೇ ಹಾರಿಬಿಡುವುದು ಹೆಚ್ಚು.

ಒಂದು ಎಚ್ಚರಿಕೆ ಇದೆ. ಹತ್ತು ಮಾಡುವ ಉಪಾಯಕ್ಕೆ ಎರಡು ಪೂರ್ವಸಿದ್ಧತೆ ಬೇಕು: ಎಂಟಕ್ಕೆ ಎರಡು ಸೇರಿದರೆ ಹತ್ತು ಎಂಬುದು ತಟ್ಟನೆ ಹೊಳೆಯಬೇಕು, ಮತ್ತು ಐದನ್ನು ಎರಡು-ಮೂರಾಗಿ ಒಡೆಯಲು ಬರಬೇಕು. ಎರಡನೆಯದಕ್ಕೆ, ಒಂದು ಬದಿ ಕೆಂಪು ಇನ್ನೊಂದು ಬದಿ ಹಳದಿ ಇರುವ ಐದು ಬಿಲ್ಲೆಗಳನ್ನು ಕೈಯಲ್ಲಿ ಕುಲುಕಿ ಚೆಲ್ಲುವ ಆಟ ಸಾಕು. ಪ್ರತಿಸಲ ಎಷ್ಟು ಕೆಂಪು, ಎಷ್ಟು ಹಳದಿ ಎಂದು ಬರೆದುಕೊಳ್ಳುತ್ತ ಹೋದಂತೆ ಐದರ ಎಲ್ಲ ಒಡಕುಗಳೂ ಹೊರಬರುತ್ತವೆ.

ಉತ್ತರ 3: ಮನೆಯಲ್ಲೇ ಕಲಿಸುವ ತಾಯಿ

ಯಾವುದನ್ನು ಮೊದಲು ಕಲಿಸಬೇಕೆಂದು ಕೇಳಿದ್ದೀರಿ. ನಾನು ಇದನ್ನೊಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ್ದೆ. 0 + 0ಯಿಂದ 9 + 9ರವರೆಗೆ ಒಟ್ಟು 100 ಲೆಕ್ಕಗಳಿವೆ. 3 + 8 ಬಂದರೆ 8 + 3 ಬಂದಂತೆಯೇ ಎಂದು ಒಪ್ಪಿದರೆ ಉಳಿಯುವುದು 55. (ಇದನ್ನು ತೋರಿಸಲು ಎರಡು ಬಣ್ಣದ ಮಣಿಗಳನ್ನು ಪೋಣಿಸಿದ ಕಡ್ಡಿಯನ್ನು ತಿರುಗಿಸಿ ಹಿಡಿದರೆ ಸಾಕು.) ಸೊನ್ನೆ, ಒಂದು, ಎರಡು ಸೇರಿಸುವ ಲೆಕ್ಕಗಳು ಅವುಗಳಲ್ಲಿ 27; ಅವು ಮುಂದಕ್ಕೆ ಎಣಿಸಿಯೇ ಬರುತ್ತವೆ. ಉಳಿದ 28ರಲ್ಲಿ 3 + 3ರಿಂದ 9 + 9ರವರೆಗಿನ ಜೋಡಿಗಳು 7. ಹತ್ತಾಗುವ 3 + 7 ಮತ್ತು 4 + 6 ಎರಡು. ಒಂಬತ್ತು ಇಲ್ಲವೇ ಎಂಟು ಇರುವ 11 ಲೆಕ್ಕಗಳಿಗೆ ಹತ್ತು ಮಾಡುವ ಉಪಾಯ. ಆಮೇಲೆ ಉಳಿಯುವುದು ಎಂಟೇ ಎಂಟು, ಅವುಗಳಲ್ಲೂ 3 + 4, 4 + 5, 5 + 6, 6 + 7 ಜೋಡಿಗೆ ಒಂದು ಕೂಡಿಸಿದವು. 3 + 5 ಮತ್ತು 5 + 7ರಲ್ಲಿ ಒಂದು ಬಿಲ್ಲೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರೆ 4 + 4 ಮತ್ತು 6 + 6 ಆಗುತ್ತವೆ. ಕೊನೆಗುಳಿದ 3 + 6ನ್ನು ಎಣಿಸಿಯೂ, 4 + 7ನ್ನು ಹತ್ತು ಮಾಡಿಯೂ ಮುಗಿಸಬಹುದು. ಬಾಯಿಪಾಠ ಮಾಡಿಸಿ ಎನ್ನುವವರಿಗೆ ಈ ಪಟ್ಟಿಯನ್ನು ತೋರಿಸಬಹುದೇನೋ.

ಜೋಡಿಗಳಿಗೆ ಕನ್ನಡಿಯೇ ಸಾಮಗ್ರಿ: ನಾಲ್ಕು ಗುಂಡಿಗಳ ಹಿಂದೆ ಕನ್ನಡಿ ನಿಲ್ಲಿಸಿದರೆ ಎಂಟು ಕಾಣುತ್ತವೆ, ಕನ್ನಡಿಯ ಪಕ್ಕದಲ್ಲಿ, ಪ್ರತಿಬಿಂಬ ಬೀಳದಂತೆ ಇನ್ನೊಂದು ಗುಂಡಿ ಇಟ್ಟರೆ 4 + 5 ಕಣ್ಣೆದುರಿಗೇ ಇರುತ್ತದೆ.

ಬಿಡಿ ವಸ್ತುಗಳಿಗಿಂತ ನನಗೆ ಮೆಚ್ಚುಗೆಯಾದದ್ದು ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸನೇರ್ ರೂಪಿಸಿದ ಬಣ್ಣದ ಕೋಲುಗಳು. ಒಂದು ಸೆಂಟಿಮೀಟರಿನ ಬಿಳಿಯ ತುಂಡಿನಿಂದ ಹತ್ತು ಸೆಂಟಿಮೀಟರಿನ ಕಿತ್ತಳೆ ಕೋಲಿನವರೆಗೆ ಇರುವ ಈ ಕೋಲುಗಳ ಮೇಲೆ ಗೆರೆಗಳೇ ಇಲ್ಲ, ಹಾಗಾಗಿ ಮಗು ಎಣಿಸಬೇಕೆಂದರೂ ಎಣಿಸಲಾಗದು. ಕಿತ್ತಳೆ ಕೋಲಿನ ಪಕ್ಕದಲ್ಲಿ ಕಂದು ಬಣ್ಣದ ಎಂಟನ್ನು ಇಟ್ಟರೆ ಉಳಿದ ಸಂದಿಗೆ ಕೆಂಪು ಬಣ್ಣದ ಎರಡು ಮಾತ್ರವೇ ಸರಿಹೊಂದುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ಚೌಕಟ್ಟಿನಿಂದಲೇ ಆರಂಭಿಸುತ್ತೇನೆ. ಎರಡು ಸಂದೇಹಗಳು ಉಳಿದಿವೆ: ಬೆರಳೆಣಿಕೆಯನ್ನು ತಡೆಯಬೇಕೇ? ಮತ್ತು ಅಭ್ಯಾಸಕ್ಕೆ ಗಡಿಯಾರ ಹಿಡಿದು ವೇಗದ ಪರೀಕ್ಷೆ ನಡೆಸಬಹುದೇ?

ಉತ್ತರ 2ರವರಿಂದ

ಮೇಡಂ, ವೇಗದ ಪರೀಕ್ಷೆಯನ್ನು ಈ ಹಂತದಲ್ಲಿ ಬೇಡವೆಂದೇ ಹೇಳುತ್ತೇನೆ. ಅವಸರವಾದೊಡನೆ ಮಗು ಹೊಸ ಉಪಾಯವನ್ನು ಬಿಟ್ಟು ತನಗೆ ಭದ್ರವೆನಿಸುವ ಎಣಿಕೆಗೆ ಮರಳುತ್ತದೆ. ಅದರ ಬದಲು ಲೆಕ್ಕದ ಚೀಟಿಗಳನ್ನು ಕೊಟ್ಟು, ಉತ್ತರ ಹೇಳಿಸದೆ, ‘ಜೋಡಿ’, ‘ಜೋಡಿಯ ನೆರೆ’, ‘ಹತ್ತು ಮಾಡು’, ‘ಮುಂದಕ್ಕೆ ಎಣಿಸು’ ಎಂದು ಬರೆದ ಡಬ್ಬಿಗಳಿಗೆ ವಿಂಗಡಿಸಲು ಹೇಳಿ. 7 + 8ರ ಚೀಟಿ ಯಾವ ಡಬ್ಬಿಗೆ ಸೇರಬೇಕೆಂದು ಮಕ್ಕಳು ಜಗಳವಾಡಿದರೆ ಬಿಟ್ಟುಬಿಡಿ. ಅದು ‘ಜೋಡಿಯ ನೆರೆ’ (7 + 7ಕ್ಕೆ ಒಂದು ಕೂಡಿಸಿದ್ದು), ‘ಹತ್ತು ಮಾಡು’ ಎರಡಕ್ಕೂ ಸೇರುತ್ತದೆ, ಆ ವಾದವೇ ನಿಮಗೆ ಬೇಕಾದ ಅಭ್ಯಾಸ.

ಬೆರಳನ್ನು ತಡೆಯಬೇಡಿ, ಬಳಸುವ ರೀತಿಯನ್ನು ಬದಲಿಸಿ. ಏಳನ್ನು ತೋರಿಸು ಎಂದಾಗ ಒಂದೊಂದೇ ಬೆರಳನ್ನು ಬಿಚ್ಚದೆ, ಒಂದು ಕೈ ಪೂರ್ತಿ ಮತ್ತು ಎರಡು ಬೆರಳನ್ನು ಒಟ್ಟಿಗೇ ಎತ್ತಬೇಕು. ಎತ್ತಿದ ಮೇಲೆ ‘ಮಡಚಿದ ಬೆರಳು ಎಷ್ಟು’ ಎಂದು ಕೇಳಿ. ಹತ್ತಕ್ಕೆ ಬೇಕಾದ ಮೂರು ಅಲ್ಲೇ ಕೈಯಲ್ಲಿದೆ.